ಹಲ್ಲಿನಿಂದ ಕಲ್ಲು ಕೇಳಿದ ನಮ್ಮ ಮಾವ

ನಮ್ಮ ಸೋದರಮಾವನಷ್ಟು ಕಲ್ಲಿನ ಮಾತು ಕೇಳಿದವರು ಜಮಖಂಡಿ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಮನುಷ್ಯರ ಮಾತನ್ನು ಅಷ್ಟು ಕಡಿಮೆ ಕೇಳಿದವರೂ ಇರಲಿಲ್ಲ. ಎರಡನೆಯದಕ್ಕೆ ನಮ್ಮ ಅತ್ತೆ ಸಾಕ್ಷಿ. ಮೊದಲನೆಯದಕ್ಕೆ ನಾನು. ಅತ್ತೆಯ ಸಾಕ್ಷಿಯನ್ನು ಕಣ್ಣು ಮುಚ್ಚಿ ನಂಬಬಹುದು. ನನ್ನದನ್ನು ಎಷ್ಟು ನಂಬಬೇಕೋ ನನಗೇ ತಿಳಿಯದು. ಆಗ ನಾನು ಪುಣೆಯಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದೇನು ಎಂದು ಹೊಳೆಯದೆ ಮಾವನ ಮನೆಯಲ್ಲಿ ಬಂದು ಕೂತಿದ್ದೆ. ದಿನಚರಿ ಬರೆಯುವ ಚಟವಿತ್ತು. ಈಗ ತೆಗೆದು ನೋಡಿದರೆ ನೆನಪು ಒಂದು ಹೇಳುತ್ತದೆ, ದಿನಚರಿ ಇನ್ನೊಂದು. ಮಾವನ ಕಬ್ಬಿಣದ ಸಲಾಕೆ ಮೂರು ಮೊಳ ಇತ್ತೆಂದು ನೆನಪು. ಎರಡೇ ಮೊಳ ಎಂದು ದಿನಚರಿ. ಇಬ್ಬರಿಗೂ ನೋವಾಗದಿರಲೆಂದು ಎರಡೂವರೆ ಎಂದು ಇಟ್ಟುಕೊಳ್ಳೋಣ.

ಆ ಸಲಾಕೆಯೇ ಮಾವನ ಕಿವಿ. ಮಾವ ಸಂಸ್ಥಾನದ ಕಟ್ಟಡ ಖಾತೆಯಲ್ಲಿದ್ದರು. ಬಾವಿ, ಕೆರೆ, ಅಡಿಪಾಯ, ಎಲ್ಲೆಲ್ಲಿ ಬಂಡೆ ಅಡ್ಡ ಬರುತ್ತದೋ ಅಲ್ಲೆಲ್ಲ ಇವರು ಹೋಗಬೇಕು. ಬಂಡೆಯಲ್ಲಿ ಹಾರೆ, ಸುತ್ತಿಗೆಯಿಂದ ಮೊಳದುದ್ದದ ತೂತು ಕೊರೆದು, ಮದ್ದು ತುಂಬಿ ಸಿಡಿಸುವುದು ವಾಡಿಕೆ. ನಮ್ಮ ಕಡೆ ಅದಕ್ಕೆ ಸುರಂಗ ಹಾರಿಸುವುದು ಎನ್ನುತ್ತಾರೆ. ಎಲ್ಲರೂ ತೂತಿಗೆ ಮದ್ದು ತುಂಬಿದರೆ ಮಾವ ಮೊದಲು ಸಲಾಕೆ ಇಳಿಸುತ್ತಿದ್ದರು. ಕೋಟು ಕಳಚಿ, ರುಮಾಲು ಬದಿಗಿಟ್ಟು, ಬಂಡೆಯ ಮೇಲೆ ಬೋರಲು ಮಲಗಿ, ಸಲಾಕೆಯ ಮೇಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ದೂರದ ಇನ್ನೊಂದು ತೂತಿನಲ್ಲಿ ಇನ್ನೊಂದು ಸಲಾಕೆ. ಅದರ ತಲೆಗೆ ಯಾರಾದರೂ ಸುತ್ತಿಗೆಯಿಂದ ಒಂದು ಏಟು ಹಾಕಬೇಕು. ಆ ಸದ್ದು ಬಂಡೆಯ ಹೊಟ್ಟೆಯೊಳಗಿಂದ ಹಾಯ್ದು ಮಾವನ ಹಲ್ಲಿಗೆ ಬರುತ್ತದೆ, ಹಲ್ಲಿನಿಂದ ತಲೆಬುರುಡೆಗೆ. ಗಟ್ಟಿ ಕಲ್ಲಾದರೆ ಠಣ್ಣೆಂದು ಚುರುಕಾಗಿ, ಬಿರುಕಿದ್ದರೆ ಮಂಕಾಗಿ, ತಡವಾಗಿ.

ಬೀಳಗಿಯ ದಾರಿಯಲ್ಲಿ ಹೀಗೆ ಮಲಗಿದ್ದಾಗ, ಯಾರೋ ಬಿಸಿಲು ಬಡಿದು ಬಿದ್ದಿದ್ದಾರೆಂದು ದಾರಿಹೋಕನೊಬ್ಬ ತನ್ನ ತಂಬಿಗೆಯ ನೀರನ್ನೆಲ್ಲ ಇವರ ತಲೆಯ ಮೇಲೆ ಸುರಿದನಂತೆ. ಮಾವ ಸಲಾಕೆ ಬಿಡದೆ, ಕೈಯಿಂದಲೇ 'ಸುಮ್ಮನಿರು' ಎಂದು ಸನ್ನೆ ಮಾಡಿದರಂತೆ. ಅವನು ಹೆದರಿ ಓಡಿಹೋದ. ತಂಬಿಗೆ ನಮ್ಮ ಮನೆಯಲ್ಲೇ ಇತ್ತು.

ನಾನು ಭೌತಶಾಸ್ತ್ರ ಓದಿದವನು. ಇದನ್ನೆಲ್ಲ ಒಪ್ಪುವುದು ಹೇಗೆ? "ಮಾಮಾ, ಇದು ನಿಮ್ಮ ಭ್ರಮಿ" ಎಂದು ಒಂದು ದಿನ ಅಂದೇಬಿಟ್ಟೆ. ಮಾವ ನನ್ನನ್ನು ಗುಡ್ಡದ ಬದಿಯ ಕಲ್ಲಿನ ಗಣಿಗೆ ಕರೆದೊಯ್ದು, ಸಲಾಕೆ ನನ್ನ ಬಾಯಿಗಿಟ್ಟು, ತಾವು ನೂರು ಹೆಜ್ಜೆ ದೂರ ಹೋಗಿ ಸುತ್ತಿಗೆ ಎತ್ತಿದರು. ಒಂದೇ ಏಟು. ನನಗೆ ಕೇಳಿದ್ದು ಎರಡು: ಮೊದಲು ಹಲ್ಲಿನಲ್ಲಿ 'ಟಕ್', ಆಮೇಲೆ ಕಿವಿಯಲ್ಲಿ 'ಟಕ್'.

"ಎಷ್ಟು ಕೇಳಿದ್ವು?" ಎಂದರು ಬಂದು.

"ಎರಡು."

"ಮೊದಲಿಂದು ಕಲ್ಲಿಂದು. ಎರಡನೇದು ಗಾಳೀದು. ಗಾಳಿ ಅನ್ನೂದು ಮೈಗಳ್ಳ, ಅಳಿಯಾ. ಕಲ್ಲು ಕೂತಲ್ಲೇ ಕೂತು ಅದಕ್ಕಿಂತ ಮೊದಲ ಸುದ್ದಿ ಮುಟ್ಟಸತೈತಿ. ನಡುವ ಎಷ್ಟು ಅಂತರ ಐತಿ ನೋಡು. ಅಂತರ ಹೆಚ್ಚಿದ್ರ ಕಲ್ಲು ಗಟ್ಟಿ. ಕಡಿಮಿ ಆದ್ರ ಕಲ್ಲು ಒಡದೈತಿ."

ಪುಸ್ತಕದಲ್ಲಿ ಇದೇ ಇತ್ತು. ನಾನು ಅದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆ, ಕಚ್ಚಿರಲಿಲ್ಲ. ಆ ಕ್ಷಣಕ್ಕೂ ಈ ಕ್ಷಣಕ್ಕೂ ನಡುವಿನ ಅಷ್ಟು ಸಣ್ಣ ವ್ಯತ್ಯಾಸವನ್ನು ಮನುಷ್ಯನ ತಲೆ ನಿಜಕ್ಕೂ ಅಳೆಯಬಲ್ಲದೇ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಆದರೆ ಎರಡು ಸದ್ದು ಕೇಳಿದ್ದು ಖರೆ. ದಿನಚರಿಯಲ್ಲಿ ಅದರ ಕೆಳಗೆ "ಮುಂದಿನ ಹಲ್ಲು ನೋಯುತ್ತಿದೆ" ಎಂದೂ ಇದೆ.

ಈ ಹುಚ್ಚು ಶುರುವಾದದ್ದು ಕಪ್ಪೆಗಳಿಂದ. ನಮ್ಮದು ಜೈನರ ಮನೆ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನೂ, ತಂದ ಬಾವಿಗೇ ಮರಳಿ ಬಿಟ್ಟು ಬರುವವರು ನಾವು. ಅಂಥವರ ಮಗ ಸುರಂಗ ಹಾರಿಸುವ ನೌಕರಿ ಹಿಡಿದರೆ? ಮದ್ದು ತುಂಬುವ ಮೊದಲು ಮಾವ ಬಾವಿಗೆ ಇಳಿದು ಕಪ್ಪೆ, ಏಡಿಗಳನ್ನು ಬುಟ್ಟಿಯಲ್ಲಿ ಹಿಡಿದು ಮೇಲೆ ಕಳಿಸುತ್ತಿದ್ದರು. ಕಲ್ಲಿನ ಮೇಸ್ತ್ರಿ ಹನಮಪ್ಪ ದಡದಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದ.

"ಸಾಹೇಬ್ರ, ಇವತ್ತಿನ ಕೆಲಸ ಎಷ್ಟಾತ್ರಿ?"

"ಹದಿನಾರು ಕಪ್ಪಿ."

"ಕಲ್ಲು?"

"ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲೋ, ಹನಮಪ್ಪ."

ಹಿಡಿದಷ್ಟೂ ಕಪ್ಪೆಗಳು ಮರುದಿನ ಮತ್ತೆ ಒಳಗೇ ಇರುತ್ತಿದ್ದವು. ಆದ್ದರಿಂದ ಸುರಂಗಗಳನ್ನೇ ಕಡಿಮೆ ಮಾಡುವುದು ಲೇಸೆಂದು ಮಾವನಿಗೆ ಹೊಳೆಯಿತು. ಬಿರುಕು ಎಲ್ಲಿದೆ ಎಂದು ಮೊದಲೇ ತಿಳಿದರೆ ಹತ್ತು ಸುರಂಗದ ಕೆಲಸ ಒಂದರಲ್ಲಿ ಮುಗಿಯುತ್ತದೆ. ಹಾಗೆ ಸಲಾಕೆ ಬಾಯಿಗೆ ಬಂತು.

ಬಂದದ್ದು ಬಂಡೆಗಷ್ಟೇ ನಿಂತಿದ್ದರೆ ಚೆನ್ನಾಗಿತ್ತು. ಮುಧೋಳದಲ್ಲಿ ನಮ್ಮ ಬೀಗರ ಮನೆಯ ಮದುವೆ. ಹೊಸ ಪಡಸಾಲೆ, ಹೊಸ ಕಲ್ಲಿನ ಕಂಬಗಳು, ಸಾಲು ಪಂಕ್ತಿ, ಎಲೆಗೆ ಹೋಳಿಗೆ ಬಿದ್ದಿದೆ. ಮಾವ ಕೈ ತೊಳೆಯಲು ಎದ್ದವರು ಒಂದು ಕಂಬದ ಎದುರು ನಿಂತರು. ನೋಡನೋಡುತ್ತಿದ್ದಂತೆ, ಸದಾ ಜೊತೆಗಿರುತ್ತಿದ್ದ ಸಲಾಕೆ ಕಂಬಕ್ಕೆ ತಾಗಿತ್ತು, ಇನ್ನೊಂದು ತುದಿ ಬಾಯಲ್ಲಿತ್ತು. ಗೆಣ್ಣಿನಿಂದ ಕಂಬಕ್ಕೆ ಎರಡು ಸಲ ಕುಟ್ಟಿ, ಎಲ್ಲರಿಗೂ ಕೇಳುವಂತೆ, "ಒಳಗ ಬಿರುಕು ಐತಿ" ಎಂದರು. ಇಡೀ ಪಂಕ್ತಿ ಎಲೆ ಎತ್ತಿಕೊಂಡು ಅಂಗಳಕ್ಕೆ ಹೋಯಿತು. ಬೀಗರು ಮುಂದೆ ಎಷ್ಟೋ ವರ್ಷ ಮಾತು ಬಿಟ್ಟರು. ಆ ಕಂಬ ಇವತ್ತಿಗೂ ನಿಂತಿದೆ. ಅದನ್ನು ಎತ್ತಿ ಆಡಿದರೆ ಮಾವನದು ಒಂದೇ ಉತ್ತರ:

"ಬಿರುಕು ಐತಿ ಅಂದೆ. ಬೀಳತೈತಿ ಅಂದ್ನೇನು?"

ಇಷ್ಟು ವರ್ಷ ಸುರಂಗಗಳ ಹತ್ತಿರ ನಿಂತು ನಿಂತು ಮಾವನ ಕಿವಿ ಮಂದವಾಗುತ್ತ ಬಂದಿತ್ತು. ಎಷ್ಟು ಮಂದ ಎಂಬುದು ನಮಗೆ ಗೊತ್ತಿರಲಿಲ್ಲ. ಯಾರು ಏನಂದರೂ ಮುಗುಳ್ನಕ್ಕು "ಹೂಂ, ಆಗಲಿ" ಎನ್ನುವುದು ಅವರ ಸ್ವಭಾವವೆಂದೇ ನಾವು ತಿಳಿದಿದ್ದೆವು. ಅತ್ತೆ ಆ ಸ್ವಭಾವದ ಬಲದ ಮೇಲೆ ಎರಡು ಇಳಕಲ್ ಸೀರೆ ಸಂಪಾದಿಸಿದ್ದರು.

ಇನ್ನು ನಮ್ಮ ದೊಡ್ಡವ್ವನ ಮಾತು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಮಾವನಿಗೂ ಅಕ್ಕ. ಅವರೆಲ್ಲರ ತಾಯಿ ಬೇಗ ತೀರಿಕೊಂಡಿದ್ದರಿಂದ ಮಾವನನ್ನು ಎತ್ತಿ ಆಡಿಸಿ ಬೆಳೆಸಿದ್ದು ಆಕೆಯೇ. ಗಂಡ ಹೋದ ಮೇಲೆ ರಬಕವಿಯ ಮನೆಯಲ್ಲಿ ಒಬ್ಬಳೇ ಇದ್ದಳು, ದಿನಕ್ಕೊಂದೇ ಊಟ, ಕಟ್ಟುನಿಟ್ಟಾದ ನೇಮ. ತನ್ನ ಹಿತ್ತಲಿನ ಬಾವಿಯಿಂದ ತಾನೇ ಸೇದಿ, ತಾನೇ ಸೋಸಿದ ನೀರನ್ನಲ್ಲದೆ ಬೇರೆ ಕುಡಿಯುವುದಿಲ್ಲ ಎಂಬುದು ಆ ನೇಮದಲ್ಲಿ ಒಂದು. ಮಾವ ಪ್ರತಿ ಸಂತೆಯ ದಿನ ರಬಕವಿಗೆ ಹೋಗಿ, ಆಕೆಯ ಎದುರು ಒಂದು ತಾಸು ಸುಮ್ಮನೆ ಕೂತು ಬರುತ್ತಿದ್ದರು.

ಆ ಬೇಸಿಗೆ ದೊಡ್ಡವ್ವ ನೀರು ಸೋಸುವ ಬಟ್ಟೆ ನಸುಗೆಂಪಾಯಿತು. ಮೇಲಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವವರು ಹೊಸ ತೊಟ್ಟಿ ಕಟ್ಟಿದ್ದರು. ಬಣ್ಣದ ನೀರು ಬಂಡೆಯ ಸಂದಿ ಹಿಡಿದು ಬಾವಿಗೆ ಇಳಿದಿತ್ತು. ದೊಡ್ಡವ್ವ ಯಾರ ಮೇಲೂ ದೂರು ಹೇಳಲಿಲ್ಲ. "ಅವರ ಹೊಟ್ಟಿ ಅದರ ಮ್ಯಾಲ ಐತಿ" ಎಂದಳು. ಶ್ರವಣಬೆಳಗೊಳದಲ್ಲಿ ತನ್ನಂಥ ನೇಮದ ಹೆಂಗಸರು ಇರುತ್ತಾರೆ, ಅಲ್ಲಿಗೆ ಹೋಗಿಬಿಡುತ್ತೇನೆ, ಇನ್ನು ಮರಳಿ ಬರುವುದಿಲ್ಲ ಎಂದು ಟ್ರಂಕು ಕಟ್ಟತೊಡಗಿದಳು. ಚಾತುರ್ಮಾಸ ಹಿಡಿಯುವುದರೊಳಗೆ ಹೊರಡಬೇಕು. ಹಿಡಿದ ಮೇಲೆ ನಾಲ್ಕು ತಿಂಗಳು ಊರು ಬಿಡುವಂತಿಲ್ಲ. ಉಳಿದದ್ದು ಒಂದು ತಿಂಗಳು, ಮೇಲೆ ನಾಲ್ಕೋ ಐದೋ ದಿನ.

ಮಾವ ಅವತ್ತೇ ನನ್ನನ್ನೂ ಹನಮಪ್ಪನನ್ನೂ ಕರೆದುಕೊಂಡು ರಬಕವಿಗೆ ಬಂದರು. "ಅಕ್ಕಾ, ಈ ಹಿತ್ತಲದಾಗ ಬಣ್ಣ ಮುಟ್ಟದ ಬ್ಯಾರೆ ಸೆಲಿ ಹುಡುಕತೇನಿ."

"ಹಿತ್ತಲ ತುಂಬ ಕರಿಕಲ್ಲು ಐತೋ ತಮ್ಮಾ. ಒಂದು ಬಾವಿ ತೋಡೂದ್ರಾಗ ಚಾತುರ್ಮಾಸ ಬರತೈತಿ."

"ಒಂದ ತೋಡತೇನಿ. ಆದ್ರ ನೀರಿದ್ದಲ್ಲೇ ತೋಡತೇನಿ" ಎಂದರು ಮಾವ, ಅಕ್ಕನ ತುಟಿಯನ್ನೇ ನೋಡುತ್ತ.

ಹನಮಪ್ಪ ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆದ. ಮಾವ ಮಲಗಿ ಸಲಾಕೆ ಕಚ್ಚಿದರು. ನಾನು ಸುತ್ತಿಗೆ ಎತ್ತುವ ಮೊದಲೇ ಅವರ ಕಣ್ಣು ಅರಳಿತು. ಬಾಯಿಂದ ಸಲಾಕೆ ತೆಗೆದು ಹೇಳಿದರು: "ಹೊಡೀಬ್ಯಾಡ. ಬೇಕಾಗಿಲ್ಲ. ಈ ಮೂಲ್ಯಾಗ ಸೆಲಿ ದಬದಬ ಅಂತ ಹರ್ಯಾಕತ್ತೈತಿ."

ತೋಡಿದೆವು. ಒಂದಾಳು ಆಳ, ಎರಡಾಳು, ಮೂರಾಳು. ಕಲ್ಲು ಸುಡುವಷ್ಟು ಒಣಗಿತ್ತು. ಹನ್ನೊಂದು ದಿನ ಹೋದವು. ಮಾವ ದಿನಾ ಕಚ್ಚುತ್ತಿದ್ದರು, ಸೆಲೆ ದಿನಾ ದಬದಬ ಎನ್ನುತ್ತಿತ್ತು. ಕೊನೆಗೆ ನಾನೂ ಬಾಯಿ ಹಾಕಿದೆ. ಖರೆ, ಸದ್ದಿತ್ತು. ಬೆಳಗಿನಿಂದ ಒಂದೇ ಸಮನೆ ದಬ್, ದಬ್, ದಬ್. ಆದರೆ ನಡುಮಧ್ಯಾಹ್ನ ಒಮ್ಮೆಲೇ ನಿಂತಿತು. ತುಸು ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಮರುದಿನವೂ ಹಾಗೇ. ಊಟಕ್ಕೆ ಏಳುವ ನೀರು ಯಾವ ಲೋಕದಲ್ಲಿದೆ?

ಕೈ ಸೋತು ಗೋಡೆಯಾಚೆ ನೋಡಿದೆ. ಪಕ್ಕದ ಮನೆಯ ಮಲ್ಲಪ್ಪ ಉಂಡು ಬಂದು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂತಿದ್ದ. ರಬಕವಿಯಲ್ಲಿ ಮನೆಗೊಂದು ಮಗ್ಗ, ಮಗ್ಗಕ್ಕೊಂದು ನೆಲದಲ್ಲಿ ತೋಡಿದ ಕುಣಿ. ಓಣಿಗೆ ಓಣಿಯೇ ಬೆಳಗಿನಿಂದ ಸಂಜೆಯ ತನಕ ಒಂದೇ ಬಂಡೆಯನ್ನು ಬಡಿಯುತ್ತಿತ್ತು. ನಾವು ಹನ್ನೊಂದು ದಿನ ತೋಡಿದ್ದು ಮಲ್ಲಪ್ಪ ನೇಯುತ್ತಿದ್ದ ಸೀರೆಯ ಸೆರಗಿನ ಕಡೆಗೆ.

ಇದನ್ನು ಮಾವನಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಕೈ ಹಿಡಿದು ಕರೆದೊಯ್ದು ಮಗ್ಗ ತೋರಿಸಿದೆ. ಮಾವ ಬಹಳ ಹೊತ್ತು ನೋಡಿದರು. ಬಂಡೆ ಸುಳ್ಳು ಹೇಳಿರಲಿಲ್ಲ. ಯಾರ ಮಾತು ಎಂದು ಇವರು ಕೇಳಿಕೊಂಡಿರಲಿಲ್ಲ, ಅಷ್ಟೇ. ಹೊರಗೆ ಬಂದು, "ಇದು ನನಗ ಕೇಳಸಬೇಕಾಗಿತ್ತು ಅಳಿಯಾ. ಇಷ್ಟು ಹತ್ರ ಐತಿ" ಎಂದರು. ಗೋಡೆಯ ಆಚೆಯ ಮಗ್ಗದ ಸದ್ದು ಅವರ ಕಿವಿಗೆ ಬಿದ್ದೇ ಇಲ್ಲ ಎಂಬುದು ನನಗೆ ಆಗ ತಿಳಿಯಿತು. ಗಾಳಿಯ ಸದ್ದು ಅವರ ಪಾಲಿಗೆ ಮುಗಿದುಹೋಗಿತ್ತು. ಯಾವಾಗ ಮುಗಿಯಿತು? ಎಷ್ಟು ವರ್ಷದಿಂದ "ಹೂಂ, ಆಗಲಿ" ಎಂದೇ ನಡೆಸಿದ್ದರು? ಆ ಗಣಿಯಲ್ಲಿ ನನಗೆ ಎರಡು ಸದ್ದು ಕೇಳಿಸಿದ ದಿನ ಅವರಿಗೆ ಎಷ್ಟು ಕೇಳಿಸುತ್ತಿತ್ತು? ನಾನು ಕೇಳಲಿಲ್ಲ. ಕೇಳಿದ್ದರೂ ಕೇಳಿಸುತ್ತಿರಲಿಲ್ಲ.

ಕಾಲ ಉಳಿದದ್ದು ಮೂರು ವಾರ. ಅಮಾವಾಸ್ಯೆಗೆ ನೇಕಾರರು ಮಗ್ಗ ನಿಲ್ಲಿಸುತ್ತಾರೆ, ಆದರೆ ಅಲ್ಲಿಯ ತನಕ ಕಾದರೆ ಬಾವಿಗೆ ದಿನ ಉಳಿಯುವುದಿಲ್ಲ. ಮಾವನ ಪರವಾಗಿ ನಾನೇ ಓಣಿಯ ಹಿರಿಯರ ಮುಂದೆ ನಿಂತೆ. ಮಲ್ಲಪ್ಪನೇ ಮೊದಲು ಬಾಯಿ ತೆಗೆದ.

"ಮಗ್ಗ ಬಂದ್ ಮಾಡಬೇಕು? ಯಾಕ್ರಿ?"

"ನಮ್ಮ ಮಾವಗ ಕಲ್ಲಿನ ಮಾತು ಕೇಳಬೇಕಾಗೈತ್ರಿ."

"ಏನಂತೈತಂತ ಕಲ್ಲು?"

"ಈಗ ಅದು ನಿಮ್ಮ ಮಗ್ಗದ ಮಾತ ಆಡಾಕತ್ತೈತ್ರಿ."

"ಆಡ್ಲಿ ಬಿಡ್ರಿ. ನಮ್ಮ ಮನ್ಯಾಗಂತೂ ಯಾರೂ ಆಡಂಗಿಲ್ಲ" ಎಂದ ಮಲ್ಲಪ್ಪ. ಎಲ್ಲರೂ ನಕ್ಕರು. ಒಬ್ಬ ಮುದುಕ, ಇದು ರಬಕವಿಯ ಓಣಿಯಷ್ಟೇ ಆಯಿತು, ಬನಹಟ್ಟಿಯ ಮಗ್ಗಗಳ ಗತಿ ಏನು, ಅದು ಬೇರೆ ಸಂಸ್ಥಾನ, ಅಲ್ಲಿಗೂ ಅರ್ಜಿ ಬರೆಯಬೇಕಾಗುತ್ತದೆ ಎಂದ. ಇನ್ನೊಬ್ಬ ಅರ್ಜಿಯ ಒಕ್ಕಣೆಯನ್ನೇ ಶುರುಮಾಡಿದ. ಆಗ ಮಲ್ಲಪ್ಪನ ಹೆಂಡತಿ ಒಳಗಿನಿಂದ ಅಂದಳು: "ಸಾಕು ಮಾಡ್ರಿ ನಗೂದು. ಅವ್ವಾರು ಹೊಂಟಾರಂತ, ಗೊತ್ತೈತಿಲ್ಲೋ ನಿಮಗ? ನನ್ನ ಎರಡೂ ಬಾಣಂತನದಾಗ ನಿಮ್ಮ ಮಗ್ಗ ನಡೀಲಿ ಅಂತ ಕೂಸು ಹಿಡಕೊಂಡು ಕೂತವ್ರು ಯಾರು?"

ಮಲ್ಲಪ್ಪ ತಲೆ ಕೆರೆದುಕೊಂಡು, "ಒಂದು ಎಲಿ ಅಡಕಿ ಹಾಕ್ಕೊಳ್ಳೂದ್ರಾಗ ಮುಗಸ್ರಿ" ಎಂದ.

ಮರುದಿನ ಹೊತ್ತೇರುವ ಸಮಯ. ಒಂದೊಂದೇ ಮಗ್ಗ ನಿಂತಿತು. ರಬಕವಿಯ ಆ ಮೌನ ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಮಗ್ಗದ ಸದ್ದಿಗೆ ಮಲಗಿದ್ದ ಕೂಸುಗಳೆಲ್ಲ ಒಮ್ಮೆಲೇ ಎದ್ದು ಅಳತೊಡಗಿದವು. ತಾಯಂದಿರು ಅವುಗಳನ್ನೆತ್ತಿಕೊಂಡು ಊರ ಹೊರಗೆ ಓಡಿದರು ಎಂದು ನನ್ನ ನೆನಪು. ಇದು ಸ್ವಲ್ಪ ಹೆಚ್ಚಾಯಿತೇನೋ. ದಿನಚರಿಯಲ್ಲಿ "ಒಂದು ಕೂಸು ಅತ್ತಿತು" ಎಂದಿದೆ.

ಮಾವ ಮಲಗಿದರು. ಹಣೆಯ ಬೆವರು ಬಂಡೆಗೆ ಇಳಿಯುತ್ತಿತ್ತು. ಗಾಳಿಯ ಸದ್ದಿನ ಜೊತೆ ಹೋಲಿಸಿ ಅಳೆಯುವ ದಾರಿ ಅವರಿಗೆ ಇನ್ನಿರಲಿಲ್ಲ. ಉಳಿದದ್ದು ಕಲ್ಲಿನ ಧ್ವನಿ ಒಂದೇ. ನಾನು ಮೊದಲ ತೂತಿನಲ್ಲಿ ಹೊಡೆದೆ. ತಲೆ ಅಲ್ಲಾಡಿಸಿದರು: ಗಟ್ಟಿ. ಎರಡನೆಯದರಲ್ಲಿ ಹೊಡೆದೆ. ಗಟ್ಟಿ. ಮೂರನೆಯದಕ್ಕೆ ಹೊಡೆದಾಗ ಅವರು ಅಲುಗಲಿಲ್ಲ. ಇನ್ನೊಮ್ಮೆ ಎಂದು ಬೆರಳೆತ್ತಿದರು. ಹೊಡೆದೆ. ಇನ್ನೊಮ್ಮೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಎಲೆ ಅಡಿಕೆ ಮುಗಿದವನೊಬ್ಬ ಮಗ್ಗ ಶುರುಮಾಡಿದ. ಮಾವ ಎದ್ದು ಕೂತರು.

"ದನದ ಕೊಟ್ಟಿಗ್ಯಾಗ" ಎಂದರು, ಹಿತ್ತಲ ಬದಿಯ ಹಳೆಯ ಕೊಟ್ಟಿಗೆಯತ್ತ ಬೆರಳು ತೋರಿಸಿ. "ಕೊಟ್ಟಿಗಿ ಕೆಳಗ ಹಾಯೂ ಮುಂದ ಧ್ವನಿ ಮೆತ್ತಗಾಗತೈತಿ. ಅಲ್ಲಿ ಕಲ್ಲು ಒಡದೈತಿ."

"ನೀರು?" ಎಂದು ನಾನು ಕೈಸನ್ನೆ ಮಾಡಿದೆ.

"ಅದು ಗೊತ್ತಿಲ್ಲ. ಬಿರುಕು ಅಷ್ಟ ಗೊತ್ತು."

ಮೊದಲ ಸಲ ಮಾವ ಗೊತ್ತಿಲ್ಲ ಎಂದದ್ದು. ಹನಮಪ್ಪ ಎದ್ದು ಕೊಟ್ಟಿಗೆಯ ಗೂಟ ಕಿತ್ತ.

ಆಮೇಲಿನ ದಿನಗಳಲ್ಲಿ ದೊಡ್ಡವ್ವ ಒಂದು ಕಡೆ ಟ್ರಂಕಿಗೆ ಬಟ್ಟೆ ಮಡಿಚುತ್ತಿದ್ದಳು, ಇನ್ನೊಂದು ಕಡೆ ನಾವು ತೋಡುತ್ತಿದ್ದೆವು. ಮೂರಾಳು, ನಾಲ್ಕಾಳು. ನೇಕಾರರು ಮಗ್ಗದಿಂದೆದ್ದು ಬಂದು ಇಣುಕಿ ಹೋಗುತ್ತಿದ್ದರು. ಐದನೆಯ ಆಳಿಗೆ ಒಂದೇ ಒಂದು ಸುರಂಗ ಬೇಕಾಯಿತು. ಬತ್ತಿ ಹಚ್ಚುವ ಮೊದಲು ಹನಮಪ್ಪ ಒಳಗಿನಿಂದ ಕೂಗಿದ: "ಕಪ್ಪಿ ಒಂದೂ ಇಲ್ರೀ ಸಾಹೇಬ್ರ. ನೀರಿದ್ರಲ್ಲೇನ್ರಿ ಕಪ್ಪಿ?"

ಸುರಂಗ ಹಾರಿತು. ಹೊಗೆ ಇಳಿಯಿತು. ಕೆಳಗೆ ಬಂಡೆಯ ಒಂದು ಸೀಳಿನಿಂದ, ಹುಡುಕಿ ನೋಡಿದರೆ ಕಾಣುವಷ್ಟು ಸಣ್ಣಗೆ, ನೀರು ಜಿನುಗುತ್ತಿತ್ತು. ಬೆಳಗಾಗುವುದರೊಳಗೆ ಮೂರು ಕೊಡ ತುಂಬಿತ್ತು. ಮೂರೇ. ಆ ದಿನವೂ ಮೂರು, ಮರುದಿನವೂ ಮೂರು.

"ಇಷ್ಟ ನೀರಿಗಿ ಇಷ್ಟೆಲ್ಲಾ ಕಲ್ಲು ತಗದ್ವೇನ್ರಿ?" ಎಂದ ಹನಮಪ್ಪ.

"ದಿನಕ್ಕ ಒಂದು ಹೊತ್ತು ಉಣ್ಣಾಕಿಗಿ ಎಷ್ಟು ಬೇಕೋ?" ಎಂದಳು ದೊಡ್ಡವ್ವ. ಹಗ್ಗ ತಾನೇ ಇಳಿಬಿಟ್ಟಳು. ಬಿಳಿ ಬಟ್ಟೆ ನಾಲ್ಕು ಪದರ ಮಡಿಚಿ ಸೋಸಿದಳು. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಅದನ್ನು ತೊಳೆದ ನೀರನ್ನು ಕೊಡದಲ್ಲಿ ಮೆಲ್ಲಗೆ ಕೆಳಗಿನ ತನಕ ಇಳಿಸಿ ಬಿಟ್ಟಳು. ಆಮೇಲೆ ಒಂದು ಬೊಗಸೆ ಕುಡಿದಳು.

ದಿನಚರಿಯಲ್ಲಿ ಅವತ್ತು ಬರೆದದ್ದು ಇಷ್ಟೇ: "ನೀರು ಬಂತು. ಮೂರು ಕೊಡ." ಮುಂದಿನದೆಲ್ಲ ನೆನಪು, ಬೇರೆ ಸಾಕ್ಷಿಯಿಲ್ಲ.

ಮಾವ ಬಾವಿಯ ಆಚೆ ದಡದಲ್ಲಿ, ಮೊಣಕಾಲ ಮೇಲೆ ಸಲಾಕೆ ಇಟ್ಟುಕೊಂಡು, ನೆಲ ನೋಡುತ್ತ ಕೂತಿದ್ದರು. ಅಕ್ಕನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲವೆಂದು ಕಾಣುತ್ತದೆ. ದೊಡ್ಡವ್ವ ಕರೆದಳು. ಅವರು ತಿರುಗಲಿಲ್ಲ. ಎರಡನೆಯ ಸಲ ಕರೆಯಲಿಲ್ಲ ಆಕೆ. ಸುತ್ತು ಹಾಕಿ ಬಂದು ಎದುರಿಗೆ ಕೂತಳು. ಸಲಾಕೆ ಎತ್ತಿಕೊಂಡು ಒಂದು ತುದಿಯನ್ನು ಅವರ ತುಟಿಗೆ ತಂದಳು. ಮಾವ ಬಾಯಿ ತೆರೆದು ಕಚ್ಚಿದರು, ತುತ್ತು ತಿನ್ನಿಸಿಕೊಳ್ಳುವವರ ಹಾಗೆ. ಇನ್ನೊಂದು ತುದಿಯನ್ನು ದೊಡ್ಡವ್ವ ತನ್ನ ಗದ್ದದ ಕೆಳಗೆ, ಗಂಟಲಿಗೆ ಒತ್ತಿ ಹಿಡಿದಳು.

"ತಮ್ಮಾ," ಎಂದಳು, "ನೀರು ಸಿಹಿ ಐತಿ. ನಾ ಎಲ್ಲೂ ಹೋಗಂಗಿಲ್ಲ."

ಮಾವ ಕಣ್ಣು ಮುಚ್ಚಿದರು. ಸಲಾಕೆ ಬಿಡಲಿಲ್ಲ. ಹಲ್ಲು ಬಿಗಿಹಿಡಿದೇ, ಅದರ ಸಂದಿಯಿಂದ ಹೇಳಿದರು:

"ಇನ್ನೊಮ್ಮಿ ಅನ್ನು ಅಕ್ಕಾ."

ಆಕೆ ಇನ್ನೊಮ್ಮೆ ಅಂದಳು.